ಅವ್ವನ ಎಡ ಮುಷ್ಟಿ

ಕುರ್ಚಿ ಕಿರ್ ಅಂತು, ಪಡಸಾಲೆಯಲ್ಲಿ ಪಾಸ್ಟರ್ ಮತ್ತೆ ಕಾಲು ಬದಲಿಸಿ ಕೂತರೇನೋ, ಆ ಪ್ಲಾಸ್ಟಿಕ್ ಕುರ್ಚಿ ಅವರ ಮೈಗೆ ಸಾಲದು, ಸಾಲದಿದ್ದರೆ ಇರಲಿ, ನನ್ನನ್ನು ಯಾಕೆ ಹೀಗೆ ಕಾಯಬೇಕು, ಕರೆದವಳು ನಾನೇ, ನರಗುಂದದಿಂದ ಬಸ್ಸು ಹತ್ತಿಸಿ ಗಜೇಂದ್ರಗಡದ ತನಕ ಕರೆತಂದವಳೂ ನಾನೇ, ಈಗ ಸಿಟ್ಟು ಮಾತ್ರ ಅವರ ಮೇಲೆ — ಅವ್ವಾ, ನೀರ ಬೇಕೇನಬೇ, ಹೂಂ. ಚಮಚದ ನೀರು ಗದ್ದಕ್ಕೆ ಇಳಿಯಿತು, ಒರೆಸಿದೆ. ಫ್ಯಾನ್ ಬಂದ್ ಮಾಡ್ಲೇನ, ಹೂಂ. ಹಚ್ಚಲೇನ, ಹೂಂ. ಇನ್ನ ಮನಿಗೆ ಕರ್ಕೊಂಡ ಹೋಗ್ರಿ ಅಂತ ಡಾಕ್ಟರು ಅಂದ ಮೇಲೆ ಅವ್ವನ ಬಾಯಲ್ಲಿ ಉಳಿದದ್ದು ಇದೊಂದೇ, ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ. ಮುಂಜಾನೆ ಪಕ್ಕದ ಮನೆಯ ಮುಮತಾಜಬಿ ದರ್ಗಾದ ನೀರು ತಂದು, ಕುಡೀತಿಯೇನ ಕಳಕವ್ವಾ ಅಂದಳು, ಹೂಂ. ಸೂಡಿಯಿಂದ ಮಠದ ಅಯ್ನಾರನ್ನ ಕರ್ಕೊಂಡ ಬರ್ಲೇನಬೇ ಅಂತ ಅಣ್ಣ ಪ್ರಭುಲಿಂಗಪ್ಪ ಕೇಳಿದ, ಅದಕ್ಕೂ ಹೂಂ, ಗಾಡಿ ಹತ್ತಿ ಹೋಗಿದ್ದಾನೆ, ಸೂಡಿಯೇನು ದೂರ, ಬಂದೇಬಿಡುತ್ತಾನೆ, ಅಷ್ಟರೊಳಗೆ ನಾನು ಕೇಳಬೇಕು, ಒಂದೇ ಮಾತು, ಯೇಸುಸ್ವಾಮಿನ್ನ ನಂಬತಿಯೇನಬೇ ಅವ್ವಾ. ಹೂಂ ಅನ್ನುತ್ತಾಳೆ. ಗೊತ್ತಿದೆ. ಅದೇ ನನ್ನ ಸಂಕಟ. ಬಲಗೈಯಿಂದ ನನ್ನ ಸೆರಗು ಹಿಡಿದುಕೊಂಡಿದ್ದಾಳೆ, ಎಡಗೈ ಮುಂಜಾನೆಯಿಂದ ಮುಷ್ಟಿ ಬಿಚ್ಚಿಲ್ಲ, ಏಳಬೇಕೆಂದರೂ ಏಳುವಂತಿಲ್ಲ.

ಬಸ್ಸಿನಲ್ಲಿ ಪಾಸ್ಟರ್ ಹೇಳಿದರು, ನೋಡ್ರಿ ನಿರ್ಮಲಾ ಸಿಸ್ಟರ್, ಪರಲೋಕಕ್ಕ ಬಾಗಲಾ ಒಂದ ಐತಿ, ಚಲೋ ಮಂದಿ ಅಂತ ಯಾರಿಗೂ ಹಿತ್ತಲ ಬಾಗಲಾ ಇಟ್ಟಿಲ್ರಿ, ಬಾಯಿಬಿಟ್ಟ ಒಪ್ಪಿಕೋಬೇಕು, ಉಸುರ ಇರೂತನಕ ಟೈಮ್ ಐತಿ, ಆಮ್ಯಾಲಿಲ್ಲ. ಹೇಳುವಾಗ ಅವರ ಕಣ್ಣೂ ತುಂಬಿತ್ತು, ಅವರ ಅಪ್ಪ ಒಪ್ಪದೆಯೇ ಹೋದವರು, ಕೆಟ್ಟ ಮನುಷ್ಯನಾಗಿದ್ದರೆ ಬಯ್ದು ಬಿಡುತ್ತಿದ್ದೆ, ಕೆಟ್ಟವರಲ್ಲ. ನನಗೆ ಹೊಲಿಗೆಯ ಸೂಜಿ ಹಿಡಿಯಲು ಕಲಿಸಿದ ರಾಹೇಲಮ್ಮ ಸಿಸ್ಟರೂ ಕ್ರೈಸ್ತರೇ, ಅವರು ಬೇರೆ ಹೇಳುತ್ತಿದ್ದರು, ದೇವರ ಕೈ ಎಷ್ಟ ಉದ್ದ ಐತಿ ಅಂತ ನಾವ ಅಳೀಬಾರದವಾ, ತನ್ನ ಹೆಸರ ಗೊತ್ತಿಲ್ದವ್ರನ್ನೂ ಆತ ಗುರ್ತ ಹಿಡೀತಾನ. ಹಾಗಾದರೆ ಅವ್ವನ ಚಿಂತೆ ಇಲ್ಲ, ನಿರಾಳ — ನಿರಾಳ ಎಲ್ಲಿಂದ ಬಂತು, ಹಾಗಾದರೆ ನಾನು ಯಾಕೆ ಕೊರಳ ಲಿಂಗ ಬಿಚ್ಚಿ ಅವ್ವನ ಉಡಿಗೆ ಹಾಕಿದೆ, ಅವತ್ತು ಆಕೆ ಅಳಲೂ ಇಲ್ಲ, ಬರೀ ಉಡಿ ನೋಡಿಕೊಂಡು ಕೂತಳು, ಅದನ್ನು ಯಾಕೆ ನೋಡಿದೆ ನಾನು, ಅಣ್ಣ ಯಾಕೆ ಮಾತು ಬಿಟ್ಟ. ಮೊದಲೇನು ಬಹಳ ಮಾತಾಡುತ್ತಿದ್ದನೇ! ಗಂಡ ಬಿಟ್ಟು ಹೋದ, ಹೊಟ್ಟೆಯಲ್ಲಿ ಶ್ವೇತಾ, ಇದೇ ಹೊಸ್ತಿಲಲ್ಲಿ ನಿಂತು ಅಣ್ಣ, ಹೊಳ್ಳಿ ಹೋಗು ಅಂದ, ಅವ್ವ ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಳು, ನರಗುಂದದ ಚರ್ಚಿನ ಸಭೆಯವರು ಚಾಪೆ ಹಾಸಿದರು, ಅನ್ನ ಹಾಕಿದರು, ಆ ಪ್ರಾರ್ಥನೆಯಲ್ಲಿ ನನ್ನ ಎದೆ ಹಗುರಾಗಿದ್ದು ಖರೆ, ಅದನ್ನು ಸುಳ್ಳು ಅನ್ನಲಾರೆ, ಯೇಸುಸ್ವಾಮಿಯನ್ನು ಬಿಡಲಾರೆ. ಅವ್ವನನ್ನೂ ಬಿಡಲಾರೆ. ಆಕೆ ಇಲ್ಲದ ಪರಲೋಕದಲ್ಲಿ ನಾನು ಯಾರ ಕೂಡ ಜಗಳಾಡಲಿ? ದಿನಾ ಮುಂಜಾನೆ ಮೊಣಕಾಲೂರಿ ಆಕೆಯ ಹೆಸರನ್ನೇ ಮೊದಲು ಹೇಳುತ್ತೇನೆ, ನಮ್ಮವ್ವನ ಕಣ್ಣು ತೆರೆ ಸ್ವಾಮಿ, ಈಗ ಒಂದು ಹೂಂ ಸಾಕು ಅನ್ನುತ್ತಾರೆ ಪಾಸ್ಟರ್, ಫ್ಯಾನಿಗೂ ಅನ್ನುವ ಹೂಂ, ಮೋಸದಿಂದ ತೆಗೆದುಕೊಂಡ ಹೂಂ ಆತನ ಹತ್ತಿರ ನಡೆದೀತೇ, ನಡೆಯದಿದ್ದರೆ ಅವ್ವ ಹೋದಳು, ನಡೆದರೆ ಕಳ್ಳಿ ನಾನು, ಅಯ್ಯೋ, ಎತ್ತ ತಿರುಗಿದರೂ ಗೋಡೆ.

ಕೇಳಿಬಿಡು ನಿರ್ಮಲಾ. ಮೊದಲು ಕೈ ಒರೆಸಿ ಕೇಳುತ್ತೇನೆ, ಅಷ್ಟು ಹೊತ್ತಾದರೂ ಸಿಗಲಿ. ಒದ್ದೆ ಅರಿವೆ ಹಿಂಡಿ ಆ ಎಡ ಮುಷ್ಟಿ ಹಿಡಿದೆ, ಒಳಗೆ ಲಿಂಗ ಇದೆ, ಇರಲೇಬೇಕು, ಮಣ್ಣು ಮಾಡುವಾಗ ಕೂರಿಸಿ ಎಡ ಅಂಗೈಯಲ್ಲಿ ಲಿಂಗ ಇಡುತ್ತಾರೆ ನಮ್ಮಲ್ಲಿ — ನಮ್ಮಲ್ಲಿ ಅಲ್ಲ, ಅವರಲ್ಲಿ — ಮಗ ಮರೆತರೆ ಕಷ್ಟ ಅಂತ ಈಗಲೇ ಹಿಡಿದುಕೊಂಡು ಮಲಗಿದ್ದಾಳೆ ಮುದುಕಿ, ಯಾರನ್ನೂ ನಂಬುವವಳಲ್ಲ. ಬಿಚ್ಚಬೇ, ಒರಸತೀನಿ. ಹೂಂ. ಒಂದೊಂದೇ ಬೆರಳು ಬಿಡಿಸಿದೆ. ಎರಡು ಲಿಂಗ. ಒಂದು ಅವ್ವನದು. ಇನ್ನೊಂದು ಸಣ್ಣದು, ಅಂಚು ಮುಕ್ಕಾಗಿದೆ, ಸಾಲಿಗೆ ಹೋಗುವಾಗ ಕಲ್ಲಿನ ಮೇಲೆ ಬಿದ್ದು ಮುಕ್ಕಾದದ್ದು, ನನ್ನದು, ಸೂಡಿಯ ಹೊಂಡಕ್ಕೆ ಬಿಟ್ಟಿರಬೇಕು ಅಂದುಕೊಂಡಿದ್ದೆ, ಇಲ್ಲಿದೆ, ಎಣ್ಣೆ ಹಚ್ಚಿದ ಹೊಳಪು, ಸಂದಿನಲ್ಲಿ ಹೊಸ ವಿಭೂತಿ. ಅವ್ವ ಕಣ್ಣು ಬಿಟ್ಟಳು. ನಿಮ್ಮೀ, ಅಂದಳು, ಹೂಂ ಅಲ್ಲದ ಮಾತು, ನಿನ್ನ ಪಾಲಿನ ಪೂಜಿನೂ ನಾನ ಮಾಡೇನಿ, ದಿನಾ, ನೀ ಬಿಟ್ಟಿ, ನಿನಗ ಗತಿ ಆಗಬೇಕಲ್ಲವಾ. ಅಲ್ಲಿ ನರಗುಂದದಲ್ಲಿ ನಾನು ಮೊಣಕಾಲೂರಿ ಅವ್ವನ ಹೆಸರು, ಇಲ್ಲಿ ದೇವರ ಜಗುಲಿಯ ಮುಂದೆ ಅವ್ವ ಅಂಗೈ ಚಾಚಿ ನನ್ನ ಹೆಸರು, ಅದೇ ಮುಂಜಾನೆ, ಒಬ್ಬರಿಗೊಬ್ಬರು ಹೇಳದೆ. ನಾ ಹ್ವಾದಮ್ಯಾಲೆ ಯಾರ ಮಾಡತಾರ, ನೀ ಹಿಡಕೋತಿಯೇನ. ಕೇಳಬೇಕಾದವಳು ನಾನು, ಕೇಳುತ್ತಿದ್ದಾಳೆ ಆಕೆ, ಕಣ್ಣು ಮಿಟುಕಿಸದೆ. ಹೂಂ ಅಂದೆ.

ಆ ಸಣ್ಣದನ್ನು ನನ್ನ ಅಂಗೈಗೆ ಹಾಕಿದಳು, ಬೆರಳು ಮಡಚಿದಳು, ಮೇಲೆ ತನ್ನ ಕೈ ಒತ್ತಿದಳು. ನಾನು ಖರೆ ಹೂಂ ಅಂದೆನೇ ಅಥವಾ ಅವ್ವ ಫ್ಯಾನಿಗೆ ಅಂದ ಹಾಗೆ ಅಂದೆನೇ, ಆಕೆಗೆ ಯಾವುದು ಮುಟ್ಟಿತು, ಅವ್ವಾ, ಅವ್ವಾ, ಒತ್ತಿದ ಕೈ ಸಡಿಲಾಗುತ್ತಿದೆ, ಈಗ ನಾನು ಕೇಳಲೇನಬೇ — ಹೂಂ ಇಲ್ಲ. ಕೇಳಲೇನಬೇ. ಇಲ್ಲ. ಓಣಿಯಲ್ಲಿ ಅಣ್ಣನ ಗಾಡಿ. ಸಿಸ್ಟರ್, ಒಪ್ಪಿದ್ರೇನ್ರಿ ಅವ್ವಾರು, ಒಳಗ ಬರ್ಲೇನ್ರಿ, ಪಾಸ್ಟರ್ ಬಾಗಿಲಿಗೆ ಬಂದು ನಿಂತರು, ನೋಡಿದರು, ದನಿ ಇಳಿಸಿದರು, ಕೈ ಮುಗೀರಿ ಸಿಸ್ಟರ್, ಪ್ರಾರ್ಥನಾ ಮಾಡೂಣು. ಕೈ ಮುಗಿಯಬೇಕು, ಮುಗಿಯಬೇಕೆಂದರೆ ಬಿಚ್ಚಬೇಕು, ಬಿಚ್ಚಿದರೆ ಕಾಣುತ್ತದೆ, ಕೈ ಮುಗೀರಿ ಸಿಸ್ಟರ್, ಬೆರಳು ಬರುತ್ತಿಲ್ಲ, ಅವ್ವ ಮಡಚಿದ ಹಾಗೇ ಇವೆ, ನನ್ನ ಎಡ ಮುಷ್ಟಿ, ಒಳಗೆ ಅದು, ಇನ್ನೂ ಅವ್ವನ ಕೈಯಷ್ಟೇ ಬಿಸಿ.