ನಮ್ಮವ್ವ ಮನೆ ಇಟ್ಟಿದ್ದ ಚಳಿಗಾಲ

"ಕಕ್ಕಸು ಎಲ್ಲಿದೆ?"

ಊರಿನ ಕೌನ್ಸಿಲ್‌ನ ವಸತಿ ಇಲಾಖೆಯ ಮಿಸೆಸ್ ಕ್ಲೇಟನ್ ನಮ್ಮ ಗಾಡಿಯೊಳಗೆ ಕಾಲಿಡುತ್ತಲೇ ಕೇಳಿದ ಮೊದಲ ಮಾತು ಇದು. ಹೇಗಿದ್ದೀರಿ ಅಂತಿಲ್ಲ, ಕೂರಬಹುದಾ ಅಂತಿಲ್ಲ. ಕರ್ಚೀಫು ಮೂಗಿನ ಹತ್ತಿರವೇ ಇತ್ತು. ನಮ್ಮವ್ವ, ಹೆಸರು ಬ್ರಿಟಾನಿಯಾ, ಬಂದವಳಿಗೆಂದೇ ಚಿನ್ನದ ಅಂಚಿನ ಪಿಂಗಾಣಿ ಕಪ್ಪು ತೆಗೆದು ಟೀ ಬಗ್ಗಿಸುತ್ತಿದ್ದಳು.

"ಒಳಗಿಲ್ಲ," ಅಂದೆ.

"ಗಾಡಿ ಕೊಳ್ಳುವಾಗಲೇ ಇರುತ್ತದಲ್ಲ?"

"ಇತ್ತು. ಕಿತ್ತು ಬಿಸಾಕಿದ್ವಿ. ಅಲ್ಲೀಗ ಪೊರಕೆ ಇಡ್ತೀವಿ. ಉಣ್ಣೋ ಸೂರಿನ ಕೆಳಗೇ ಯಾರಾದ್ರೂ ಹೇಲ್ತಾರಾ?"

ಅವಳು ಮುಖ ಕಿವುಚಿ ಏನನ್ನೋ ಬರೆದುಕೊಂಡಳು. ನಾವು ರೋಮಾನಿ ಜನ, ವ್ಯಾನಿಗೆ ಕಟ್ಟಿದ ಗಾಡಿಯಲ್ಲೇ ಬದುಕುತ್ತಾ ಊರೂರು ತಿರುಗುವವರು. ಊರಿನವರು ಜಿಪ್ಸಿ ಅನ್ನುತ್ತಾರೆ, ಕುಡಿದು ಕಾರಿನಲ್ಲಿ ಹೋಗುವಾಗ ಇನ್ನೂ ಏನೇನೋ ಅಂದು ಮೊಟ್ಟೆ ಒಗೆಯುತ್ತಾರೆ. ಬೈಪಾಸ್ ಆದಮೇಲೆ ಬಿಟ್ಟುಹೋದ ಹಳೇ ರಸ್ತೆಯ ತುಂಡೊಂದರಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದೆವು. ಹಿಂದಾಗಿದ್ದರೆ ವಾರ ಕಳೆಯುತ್ತಲೇ ಮುಂದಕ್ಕೆ ಹೊರಡುತ್ತಿದ್ದೆವು. ಆದರೆ ಅವ್ವನ ಕಿಡ್ನಿ ಎರಡೂ ಕೆಟ್ಟಿದ್ದವು. ದಿನ ಬಿಟ್ಟು ದಿನ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಬೇಕು, ತಪ್ಪಿದರೆ ಅವಳು ಉಳಿಯುವುದಿಲ್ಲ. ನಾವು ಕೇಳಿದ್ದು ಆಸ್ಪತ್ರೆಗೆ ಹತ್ತಿರದಲ್ಲಿ ಗಾಡಿ ನಿಲ್ಲಿಸೋಕೆ ಒಂದು ಚೂರು ಜಾಗ, ಒಂದು ನಲ್ಲಿ, ಅಷ್ಟೇ.

ಅವರು ಕೊಟ್ಟದ್ದು ಮೂರನೇ ಮಹಡಿಯ ಫ್ಲ್ಯಾಟು. ನೋಡೋಕೆ ಹೋದಾಗ ಒಲೆಯ ಎದುರಿಗೇ ಕಕ್ಕಸಿನ ಬಾಗಿಲು. ಅವ್ವ ಹೊಸ್ತಿಲಲ್ಲೇ ನಿಂತು ಬೆವೆತು ವಾಪಸ್ ಇಳಿದಳು. ಇಟ್ಟಿಗೆ ಗೋಡೆಯೊಳಗೆ ಬದುಕಲಾರೆವು ಅಂತ ರುಜುವಾತಾದರೆ ಜಾಗ ಹುಡುಕಿಕೊಡಬೇಕು, ಇಲ್ಲದಿದ್ದರೆ ಕೊಟ್ಟ ಫ್ಲ್ಯಾಟಿಗೆ ಬಾಯಿ ಮುಚ್ಚಿಕೊಂಡು ಹೋಗಬೇಕು ಅಂತ ಅವರ ಕಾಯಿದೆ. ಅದನ್ನು ವಿಚಾರಿಸೋಕೇ ಈ ಹೆಂಗಸು ಬಂದಿದ್ದು.

"ನೋಡಿ ಅಮ್ಮ," ಮಿಸೆಸ್ ಕ್ಲೇಟನ್ ಅವ್ವನ ಕಡೆ ತಿರುಗಿದಳು, ಕಿವುಡರಿಗೆ ಹೇಳುವ ಹಾಗೆ ಜೋರಾಗಿ. "ಈ ಕೊಳಕಿನಲ್ಲಿ ಎಷ್ಟು ದಿನ ಇರ್ತೀರಿ? ಮನೆ ಶುಚಿಯಾಗಿ ಇಟ್ಟುಕೊಳ್ಳೋದು ನಿಮ್ಮವರಿಗೆ ಗೊತ್ತಿರೋದಿಲ್ಲ, ಅದಕ್ಕೇ ಭಯ. ನಾವು ಕಲಿಸ್ತೀವಿ."

ಅವ್ವ ಟೀ ಪಾತ್ರೆಯನ್ನು ಟಕ್ ಅಂತ ಕೆಳಗಿಟ್ಟಳು.

"ಯಾರಿಗೆ ಕಲಿಸ್ತೀಯವ್ವಾ ನೀನು? ಒಂದು ಚಳಿಗಾಲ ಪೂರ್ತಿ ಮನೆ ಇಟ್ಟಿದ್ದೆ ನಾನು. ನೆಲದಾಗೆ ಮುಖ ಕಾಣ್ತಿತ್ತು. ನಿಮ್ಮ ರಾಣಿ ಬಂದಿದ್ರೂ ಬೆರಳಿಗೆ ಧೂಳು ಹತ್ತುತಿರ್ಲಿಲ್ಲ."

ನಾನು ಅವಳ ತೋಳು ಜಗ್ಗಿದೆ. "ಅವ್ವಾ, ಸುಮ್ನಿರು."

"ಅಂದ್ರೆ ಮನೆಯಲ್ಲಿ ವಾಸ ಮಾಡಿದ್ದೀರಿ," ಅಂದಳು ಕ್ಲೇಟನ್. ಪೆನ್ನು ಚುರುಕಾಯಿತು.

"ಮಾಡ್ದೆ ಮತ್ತೆ?"

"ಇಲ್ಲ ಮೇಡಂ, ಕೇಳಿ ಇಲ್ಲಿ," ನಾನು ನಡುವೆ ಬಿದ್ದೆ. "ನಾನಾಗ ಚಿಕ್ಕೋಳು. ಅಪ್ಪ ಜೈಲಲ್ಲಿದ್ದ, ನನಗೆ ಎದೆ ಕಟ್ಟಿ ಜ್ವರ. ಆಗ ಮನೆ ಕೊಟ್ಟಿದ್ರು. ಹಗಲೆಲ್ಲಾ ಅದನ್ನ ಉಜ್ಜಿ ತೊಳ್ದು, ಕತ್ತಲಾಗೋಷ್ಟೊತ್ತಿಗೆ ನನ್ನ ಎತ್ಕೊಂಡು ಹಿತ್ತಲ ಗಾಡಿಗೆ ಬರೋಳು. ಒಂದಿನಾನೂ ಆ ಮನೇಲಿ ಮಲಗ್ಲಿಲ್ಲ. ಒಂದು ಲೋಟ ನೀರೂ ಕಾಯಿಸ್ಲಿಲ್ಲ."

ಕ್ಲೇಟನ್ ನಕ್ಕಳು. "ಮನೆ ಇಟ್ಟುಕೊಂಡು ಹಿತ್ತಲಲ್ಲಿ ಮಲಗ್ತಿದ್ರಾ? ಮಲಗೋಕಲ್ಲದೆ ಮನೆ ಯಾಕೆ ತೊಳೀತಿದ್ರು?"

"ನೋಡೋಕೆ ಬರೋ ನಿಮ್ಮಂಥೋರು ಕೊಳಕಿ ಅನ್ನಬಾರ್ದು ಅಂತ."

ಅದನ್ನು ಅವಳು ಬರೆದುಕೊಳ್ಳಲಿಲ್ಲ. ಟೀ ಮುಟ್ಟಲಿಲ್ಲ. ಹೊರಡುವಾಗ, ಕಪ್ಪುಗಳನ್ನು ತೊಳೆಯೋಕೆ ಬೇರೆ ಇಟ್ಟಿದ್ದ ಬೋಗುಣಿಯಲ್ಲಿ ತನ್ನೆರಡೂ ಕೈ ಅದ್ದಿ ತೊಳೆದು ಹೋದಳು. ಅವ್ವ ಅವಳ ಕಾರು ತಿರುಗುವ ತನಕ ಕಾದು, ಬೋಗುಣಿಯನ್ನೂ ಒಳಗಿದ್ದ ಕಪ್ಪುಗಳನ್ನೂ ಬೇಲಿಯಾಚೆ ಎಸೆದಳು.

"ಮೈ ತೊಳೆಯೋ ನೀರು ಯಾವ್ದು, ಬಾಯಿಗಿಡೋ ಪಾತ್ರೆ ನೀರು ಯಾವ್ದು, ಅದೇ ಗೊತ್ತಿಲ್ಲ ಹಡಬೆಗೆ. ನನಗೆ ಕಲಿಸ್ತಾಳಂತೆ."

"ನಿನ್ನ ಶುಚಿಗಿಷ್ಟು ಬೆಂಕಿ ಹಾಕ," ಅಂತ ಕಿರುಚಿದೆ. "ಒಂದೇ ಒಂದು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ?"

"ನನ್ ಗಾಡಿಯೊಳಗೆ ನಿಂತ್ಕೊಂಡು ನನ್ನೇ ಕೊಳಕಿ ಅಂದ್ಲಲ್ಲೇ ಲೆಮೆಂಟೀನಾ. ಸುಮ್ನಿರ್ಬೇಕಿತ್ತಾ?"

ಊದಿದ ಪಾದ ನೀವಿಕೊಳ್ಳುತ್ತಾ ಕೂತಳು.

ತೀರ್ಮಾನ ಹೇಳೋಕೆ ಕ್ಲೇಟನ್ ಬಂದದ್ದು ಬುಧವಾರ, ಅವ್ವನ ಆಸ್ಪತ್ರೆಯ ದಿನ. ಜೊತೆಗೆ ಇಬ್ಬರು ಪೊಲೀಸರು, ಹಿಂದೆ ಮಣ್ಣು ತೋಡುವ ಜೆಸಿಬಿ. ಈ ಸಲ ಅವಳು ಒಳಗೆ ಬರಲಿಲ್ಲ.

"ಮನೆಯಲ್ಲಿ ಇರಬಲ್ಲೆ ಅಂತ ನಿಮ್ಮ ತಾಯಿಯೇ ಹೇಳಿದ್ದಾರೆ. ಕೊಟ್ಟ ಫ್ಲ್ಯಾಟು ಬೇಡ ಅಂದಿರಿ. ನಿಮ್ಮ ಕೈಯಾರೆ ನೀವು ಮನೆಯಿಲ್ಲದವರಾಗಿದ್ದೀರಿ. ಇನ್ನು ನಮ್ಮ ಜವಾಬ್ದಾರಿಯಿಲ್ಲ."

"ಈಗ ಎಲ್ಲಿಗೆ ಹೋಗೋದು?"

"ನೀವು ತಿರುಗಾಡೋ ಜನ. ನಿಮಗೆ ಗೊತ್ತಿರುತ್ತೆ."

"ಜಾಗ ಕೇಳಿದ್ರೆ ಮನೇಲಿರೋ ಜನ, ಓಡಿಸೋವಾಗ ತಿರುಗಾಡೋರಾ?"

ಪೊಲೀಸಿನವನು ನನ್ನ ರಟ್ಟೆಗೆ ಕೈ ಹಾಕಿದ. "ನಡಿ ನಡಿ, ಗಾಡಿ ಕಟ್ಟು."

ವ್ಯಾನಿಗೆ ಗಾಡಿ ಸಿಕ್ಕಿಸಿ, ಅವ್ವನನ್ನು ಮುಂದೆ ಕೂರಿಸಿಕೊಂಡು ದೊಡ್ಡ ರಸ್ತೆಯ ಅಂಚಿಗೆ ಎಳೆದೆ. ಹಿಂದೆಯೇ ಜೆಸಿಬಿ ನಮ್ಮ ಜಾಗದ ಬಾಯಿಗೆ ಅಡ್ಡವಾಗಿ ಕಾಲುವೆ ತೋಡೋಕೆ ಶುರುಮಾಡಿತು, ಮತ್ತೆ ಯಾರೂ ಗಾಡಿ ನುಗ್ಗಿಸಬಾರದು ಅಂತ. ಸುತ್ತಲಿನ ತಂಗುವ ಜಾಗಕ್ಕೆಲ್ಲ ಆಗಲೇ ಬಂಡೆ ಉರುಳಿಸಿದ್ದರು. ಸ್ಟಿಯರಿಂಗ್ ಹಿಡಿದುಕೊಂಡು ಕೂತೆ. ಎಡಕ್ಕೋ ಬಲಕ್ಕೋ ಅಂತಲೇ ತಿಳಿಯದೆ ಅಳು ಬಂತು.

ಅವ್ವ ಬಾಗಿಲು ತೆಗೆದು ಇಳಿದಳು. ಕೋಲೂರಿಕೊಂಡು ನೇರ ಆ ಕಾಲುವೆಯ ಹತ್ತಿರ ಹೋದಳು.

"ತಮ್ಮಾ, ಮಿಷನ್ನು ಒಂಚೂರು ನಿಲ್ಲಿಸಪ್ಪಾ."

ಡ್ರೈವರು ಹುಡುಗ ನಿಲ್ಲಿಸಿದ. ಅವ್ವ ಅಂಚಿನಲ್ಲಿ ಕುಂತು, ಲಂಗ ಸರಿಮಾಡಿಕೊಂಡು, ಜಾರಿ ಒಳಗಿಳಿದಳು. ಹಸಿ ಮಣ್ಣಿನ ಮೇಲೆ ಉದ್ದಕ್ಕೆ ಮಲಗಿದಳು.

"ಉದ್ದ ಸಾಕು," ಅಂದಳು. "ಆಳ ಸಾಲ್ದು. ಇನ್ನೊಂದು ಮೊಳ ತೋಡಪ್ಪಾ."

ಮಿಸೆಸ್ ಕ್ಲೇಟನ್ ಬಿಳಿಚಿಕೊಂಡಳು. "ಎತ್ತಿ ಅವರನ್ನ. ಏನು ನೋಡ್ತಿದ್ದೀರಿ?"

"ಡಯಾಲಿಸಿಸ್ ಪೇಷಂಟು ಅಂತ ನೀವೇ ಹೇಳಿದ್ರಲ್ಲ, ಮೇಡಂ. ಎಳೆದಾಡಿ ಏನಾದ್ರೂ ಆದ್ರೆ ನಮ್ಮ ತಲೆಗೆ ಬರುತ್ತೆ," ಅಂದ ಪೊಲೀಸು. ಡ್ರೈವರು ಹುಡುಗ ಕೆಳಗಿಳಿದು ಟೋಪಿ ತೆಗೆದು ದೂರ ಹೋಗಿ ನಿಂತ.

ನನಗೆ ಆಗ ಅಳು ನಿಂತಿತು. ವ್ಯಾನು ಚಾಲೂ ಮಾಡಿ, ಗಾಡಿಯನ್ನು ದೊಡ್ಡ ರಸ್ತೆಗೆ ಪೂರ್ತಿ ಅಡ್ಡ ತಿರುಗಿಸಿ ನಿಲ್ಲಿಸಿದೆ. ಕೀಲಿ ತೆಗೆದು ಪಕ್ಕದ ಹೊಲದೊಳಕ್ಕೆ ಬೀಸಿ ಎಸೆದೆ. ಎರಡೂ ಕಡೆ ಲಾರಿಗಳು ಹಾರ್ನ್ ಬಡಕೊಳ್ಳತೊಡಗಿದವು. ನಾನೂ ಕಾಲುವೆಗಿಳಿದು ಅವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಆಸ್ಪತ್ರೆಯ ಹೊತ್ತು ಮೀರುತ್ತಿತ್ತು, ಅವಳ ಉಸಿರು ಆಗಲೇ ಭಾರವಾಗಿತ್ತು.

"ಕೌನ್ಸಿಲ್‌ನೋರು ಕೊಟ್ರಲ್ಲೇ ಜಾಗಾನ," ಅಂದಳು. ಆಮೇಲೆ ಮೇಲೆ ನಿಂತ ಕ್ಲೇಟನ್ ಕಡೆ ಕಣ್ಣೆತ್ತಿದಳು. "ಮಣ್ಣು ಎಳಿ ಅಂತ ಹೇಳವ್ವಾ ಅವನಿಗೆ. ಯಾಕೆ ನಿಂತ್ಕೊಂಡೆ?"