ಬಿಳಿ ಕಾರಿಗೂ ನೀಲಿ ಕಾರಿಗೂ ಸಮಭಾರ

ಬಿಳಿ ಕಾರು ಇವಳ ಗಂಡನದು, ನೀಲಿ ಕಾರು ಇವಳ ತಂಗಿಯ ಗಂಡನದು. ಎರಡೂ ಬ್ಯಾಟರಿ ಗಾಡಿಗಳು, ಸಂಸಾರಕ್ಕೆಂದು ಕೊಂಡವು, ಒಂದೇ ತಿಂಗಳಲ್ಲಿ ಮನೆಗೆ ಬಂದವು. ಅಂದಿನಿಂದ ಎಂಟು ತಿಂಗಳು ಆ ಎರಡು ಮನೆಗಳಲ್ಲಿ ಸಂಸಾರದ ಮಾತೇ ನಿಂತುಹೋಗಿತ್ತು.

ಗಂಡ ಗಣಿತದ ಮೇಷ್ಟ್ರು. ಕೈಯಲ್ಲಿ ಸದಾ ಒಂದು ಹಸಿರು ನೋಟುಬುಕ್ಕು. ತಂಗಿಯ ಗಂಡನಿಗೆ ಕನ್ನಡಕದ ಅಂಗಡಿ, ಹಾಗಾಗಿ ಮನೆಮಂದಿಗೆಲ್ಲ ಅವನು 'ಕನ್ನಡಕ'. ಷಡ್ಡಕರಿಬ್ಬರೂ ಮೊದಲು ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸು ಹಿಡಿಯುತ್ತದೆಂದು ತುಂಬಿ ನೋಡಿದರು. ಆಮೇಲೆ ಬಾಗಿಲು ಮುಚ್ಚುವ ಸದ್ದಿನಲ್ಲಿ ಯಾವುದು ಗಂಭೀರ ಎಂದು ಕಣ್ಣು ಮುಚ್ಚಿ ಕೇಳಿದರು. ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಿ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ಸ್ಕೇಲು ಇಟ್ಟರು. ಬಿಳಿಯದರ ಪರದೆ ವಾರಕ್ಕೊಮ್ಮೆ ಮರಗಟ್ಟಿ ಕೂರುತ್ತಿತ್ತು. ಮೇಷ್ಟ್ರು ಅದಕ್ಕೆ 'ಅಪ್‌ಡೇಟ್ ಬರ್ತಿದೆ' ಎನ್ನುತ್ತಿದ್ದರು. ನೀಲಿಯದರ ಬಾಗಿಲ ಹಿಡಿ ಒಳಗೆ ಅವಿತುಕೊಂಡು ಹೊರಗೇ ಬರುತ್ತಿರಲಿಲ್ಲ. ಕನ್ನಡಕ ಅದಕ್ಕೆ 'ಕಳ್ಳರಿಗೂ ಸಿಗಲ್ಲ ಅಣ್ಣ' ಎನ್ನುತ್ತಿದ್ದ. ಆಕ್ಸಿಲರೇಟರಿನಿಂದ ಕಾಲು ತೆಗೆದೊಡನೆ ತಾನೇ ಬ್ರೇಕು ಹಿಡಿಯುವ ಬಿಳಿ ಕಾರಿನಲ್ಲಿ ಮಗಳು ಎರಡು ಸಲ ವಾಂತಿ ಮಾಡಿಕೊಂಡಳು. ಅದು ನೋಟುಬುಕ್ಕಿನಲ್ಲಿ ದಾಖಲಾಗಲಿಲ್ಲ.

ಇವಳು ಅಳತೆ-ತೂಕದ ಇಲಾಖೆಯ ಇನ್ಸ್‌ಪೆಕ್ಟರು. ಅಂಗಡಿಗಳ ತಕ್ಕಡಿ, ಪೆಟ್ರೋಲ್ ಬಂಕಿನ ಯಂತ್ರ ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದು ಇಪ್ಪತ್ತೆರಡು ವರ್ಷಗಳ ಕಸುಬು. ಇಬ್ಬರೂ ಗಂಡಸರು ಆಗಾಗ ತೀರ್ಪು ಕೇಳಿ ಬರುತ್ತಿದ್ದರು.

"ಒಂದಂಗಡಿ ತಕ್ಕಡೀನ ಇನ್ನೊಂದಂಗಡಿ ತಕ್ಕಡಿ ಪಕ್ಕ ಇಟ್ಟು ಸರಿಯಾಗಿದೆ ಅಂದ್ರೆ ಇಬ್ರೂ ಕಳ್ಳರಾಗಿರಬಹುದು" ಎಂದು ಒಮ್ಮೆ ಹೇಳಿದ್ದಳು. ಇಬ್ಬರೂ ಅದನ್ನು ಹೊಗಳಿಕೆ ಎಂದುಕೊಂಡು ಚಹಾ ಕುಡಿದು ಎದ್ದರು.

ಅವಳ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಹೆದ್ದಾರಿಯ ಬಂಕು. ಐದು ಲೀಟರಿಗೆ ನೂರನಲವತ್ತು ಮಿಲಿಲೀಟರು ಕಡಿಮೆ ಸುರಿಯುತ್ತಿದ್ದ ಯಂತ್ರವನ್ನು ಅವಳು ಹಿಡಿದು, ಮುದ್ರೆ ಒತ್ತಿ ಮುಚ್ಚಿಸಿ ಎರಡು ವರ್ಷವಾಗಿತ್ತು. ಬಂಕಿನವನ ವಕೀಲರಿಗೆ ಎರಡು ಸಲ ಬೆನ್ನುನೋವು, ಒಂದು ಸಲ ಷಡ್ಡಕನ ಮದುವೆ. ಕೊನೆಗೂ ಸಾಕ್ಷಿಗೆ ದಿನ ಗೊತ್ತಾಯಿತು. ಬೆಳಗ್ಗೆ ಹನ್ನೊಂದಕ್ಕೆ, ಇನ್ನೂರ ಹತ್ತು ಕಿಲೋಮೀಟರ್ ದೂರದ ದೊಡ್ಡ ಕೋರ್ಟಿನಲ್ಲಿ. ಅಂದು ಅಳೆದ ಐದು ಲೀಟರಿನ ತಾಮ್ರದ ಅಳತೆಪಾತ್ರೆಯನ್ನು ಮರದ ಪೆಟ್ಟಿಗೆಯಲ್ಲಿಟ್ಟು, ಸೀಸದ ಮುದ್ರೆ ಹಾಕಿ, ಕಚೇರಿಯ ಬೀರುವಿನಲ್ಲಿ ಬೀಗ ಹಾಕಿ ಕಾಯ್ದುಕೊಂಡಿದ್ದಳು. ಆ ಪೆಟ್ಟಿಗೆ, ಅವಳು, ಇಬ್ಬರೂ ಕೋರ್ಟಿನಲ್ಲಿ ಒಟ್ಟಿಗೆ ನಿಂತರೆ ಕೇಸು ಗೆದ್ದ ಹಾಗೆ. ಇಲ್ಲದಿದ್ದರೆ ಬಂಕು ಮತ್ತೆ ಬಾಗಿಲು ತೆರೆದು ಕಂಡವರ ಟ್ಯಾಂಕಿಗೆ ಗಾಳಿ ಸುರಿಯುತ್ತದೆ.

ಕಚೇರಿಯ ಜೀಪು ಎಂದಿನಂತೆ ಗ್ಯಾರೇಜಿನಲ್ಲಿತ್ತು. "ಬಸ್ಸಲ್ಲಿ ಹೋಗ್ತೀನಿ" ಎಂದಳು.

"ಮನೇಲಿ ಗಾಡಿ ಇಟ್ಕೊಂಡು ಬಸ್ಸೇ? ಜನ ನಕ್ಕಾರು" ಎಂದರು ಮೇಷ್ಟ್ರು. ಅಷ್ಟು ಒಳ್ಳೆಯ ಮಾತು ಗಂಡನ ಬಾಯಲ್ಲಿ ಬಂದಾಗಲೇ ಅನುಮಾನ ಪಡಬೇಕಿತ್ತು.

ಐದೂವರೆಗೆ ಹೊರಟಾಗ ಬೀದಿಯ ತುದಿಯಲ್ಲಿ ನೀಲಿ ಕಾರು ದೀಪ ಮಿಟುಕಿಸಿತು.

"ಅವನ್ಯಾಕೆ?"

"ಅವನೂ ಬರ್ತಾನೆ. ಜೊತೆಗಿರಲಿ ಅಂತ."

"ಏನು ಜೊತೆ? ನಿಜ ಹೇಳ್ರೀ."

ನಿಜ ಹೊರಬಂತು. ಇದು ಅಂತಿಮ ಪರೀಕ್ಷೆ. ಇಬ್ಬರೂ ಶೇಕಡಾ ಎಂಬತ್ತು ಚಾರ್ಜಿನಿಂದ ಹೊರಟು, ದಾರಿಯಲ್ಲಿ ಎಲ್ಲೂ ಚಾರ್ಜು ಮಾಡದೆ, ಎ.ಸಿ. ಹಾಕದೆ, ಗಂಟೆಗೆ ಐವತ್ತರ ವೇಗದಲ್ಲಿ ಕೋರ್ಟು ಮುಟ್ಟಬೇಕು. ಮುಟ್ಟಿದವರು ಗೆದ್ದ ಹಾಗೆ. ಭಾರವೂ ಸಮ ಇರಬೇಕಲ್ಲ, ಅದಕ್ಕೆ ಒಬ್ಬನೇ ಬರುತ್ತಿದ್ದ ಕನ್ನಡಕ ಹೆಂಡತಿಯ ಅಕ್ಕನ ತೂಕಕ್ಕೂ ಪೆಟ್ಟಿಗೆಯ ತೂಕಕ್ಕೂ ಸರಿಯಾಗಿ ನೀರಿನ ಕ್ಯಾನು ತುಂಬಿಕೊಂಡು ಬಂದಿದ್ದ.

"ನನ್ನ ತೂಕ ಅವನಿಗೆ ಹೇಗೆ ಗೊತ್ತು?"

ಮೇಷ್ಟ್ರು ಗೇರಿಲ್ಲದ ಕಾರಿನಲ್ಲಿ ಗೇರು ಹುಡುಕಿದರು.

ಪೆಟ್ಟಿಗೆಯನ್ನು ಅವಳು ತಾನೇ ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದ್ದಳು. ಸಿಟ್ಟನ್ನು ನುಂಗಿಕೊಂಡಳು. ಹನ್ನೊಂದರೊಳಗೆ ಮುಟ್ಟಿದರೆ ಸಾಕು, ಇವರ ಹುಚ್ಚು ಇವರಿಗೆ. ಲಾರಿಗಳು, ಸ್ಕೂಟರುಗಳು, ಕಡೆಗೆ ಕೋಳಿ ತುಂಬಿದ ಟೆಂಪೋ ಕೂಡ ಹಾರನ್ನು ಹೊಡೆದು ಮುಂದೆ ಹೋದವು. ಕಿಟಕಿಯೂ ಮುಚ್ಚಿತ್ತು, ತೆರೆದರೆ ಗಾಳಿ ಕಾರಿನ ಓಟ ತಡೆಯುತ್ತದಂತೆ. ಅವಳು ಬೆವರುತ್ತ ಕೇಸಿನ ಕಾಗದ ಓದಿದಳು.

ನೂರು ಕಿಲೋಮೀಟರಿಗೆ ಚಹಾ. ಅವಳು ಮುಖ ತೊಳೆದು ಬರುವಷ್ಟರಲ್ಲಿ ಇಬ್ಬರೂ ನೋಟುಬುಕ್ಕಿನ ಮೇಲೆ ಬಾಗಿ, ಕಳ್ಳಬೆಕ್ಕುಗಳಂತೆ ತಲೆ ಎತ್ತಿದರು. ಅವಳು ಹತ್ತಿ ಕೂತು ಮತ್ತೆ ಕಾಗದ ಬಿಡಿಸಿದಳು. ಹಿಂದೆ ತಿರುಗಿ ನೋಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಅಂಗಡಿಯವನಿಗೂ ಬೆನ್ನು ತೋರಿಸಿದವಳಲ್ಲ; ಗಂಡನಿಗೆ ತೋರಿಸಿದಳು.

ಒಂಬತ್ತು ನಲವತ್ತಕ್ಕೆ ಫೋನು ಬಡಿದುಕೊಂಡಿತು. ಕನ್ನಡಕನ ದನಿ ಕಾರು ತುಂಬ ಮೊಳಗಿತು.

"ಅಣ್ಣ, ನಿಂತ್ಹೋಯ್ತು! ನೂರ ಎಂಬತ್ತೇಳಕ್ಕೆ ನಿಂತ್ಹೋಯ್ತು ಅಣ್ಣ!"

"ನಾನು ನೂರ ತೊಂಬತ್ನಾಲ್ಕು!" ಮೇಷ್ಟ್ರು ಸ್ಟೀರಿಂಗಿಗೆ ಗುದ್ದಿದರು. "ಇನ್ನೂ ಶೇಕಡಾ ಐದಿದೆ! ಗೆದ್ದೆ ಕಣೇ!"

"ಏರು ಜಾಸ್ತಿ ಇತ್ತು, ಅದನ್ನ ಕಳೀಬೇಕು. ಆಮೇಲೆ ಅಣ್ಣ, ಅಕ್ಕಂಗೆ ಹೇಳಿ, ಪೆಟ್ಟಿಗೆ ನನ್ನ ಹತ್ರ ಭದ್ರವಾಗಿದೆ. ಗಾಬರಿ ಬೇಡ ಅಂತ."

ಅವಳು ಹಿಂದೆ ತಿರುಗಿದಳು. ಬೆಲ್ಟು ಖಾಲಿ ಸೀಟನ್ನು ತಬ್ಬಿಕೊಂಡಿತ್ತು.

"ಯಾವ ಪೆಟ್ಟಿಗೆ?" ಎಂದಳು. ಗೊತ್ತಿದ್ದೂ ಕೇಳಿದಳು. ಇನ್ನೊಂದು ಉತ್ತರ ಬರಲಿ ಎಂದು.

"ಅವನ ನೀರಿನ ಕ್ಯಾನು ಸೋರಿತ್ತು ಕಣೇ" ಎಂದರು ಮೇಷ್ಟ್ರು, ತರಗತಿಯಲ್ಲಿ ಮಂದಮತಿಗೆ ಹೇಳುವ ದನಿಯಲ್ಲಿ. "ಹದಿನೆಂಟು ಕಿಲೋ ಖಾಲಿ. ನಿನ್ನ ಪೆಟ್ಟಿಗೆ ಒಂಬತ್ತು ಕಿಲೋ. ಇಲ್ಲಿಂದ ತೆಗೆದು ಅಲ್ಲಿಟ್ರೆ ಇಲ್ಲಿ ಒಂಬತ್ತು ಕಮ್ಮಿ, ಅಲ್ಲಿ ಒಂಬತ್ತು ಜಾಸ್ತಿ, ಎರಡೂ ಸಮ. ಸರಳ ಲೆಕ್ಕ."

"ನಿಲ್ಸಿ."

"ಇನ್ನು ಹದಿನಾರೇ ಕಿಲೋಮೀಟರು..."

"ಪೆಟ್ಟಿಗೆ ಇಲ್ದೆ ಕೋರ್ಟಿಗೆ ಹೋಗಿ ಏನು ಮಾಡ್ಲಿ? ನಿಮ್ಮ ಹಸಿರು ಬುಕ್ಕು ಓದ್ಲಾ?"

ಫೋನಿನಿಂದ ಕನ್ನಡಕ ಸಂಕೋಚದಿಂದ ಕೇಳಿದ: "ಅಕ್ಕ, ಯಾವುದಾದ್ರೂ ಲಾರಿಗೆ ಕೈ ಮಾಡಿ ಪೆಟ್ಟಿಗೆ ಕಳಿಸ್ಲಾ?"

"ಕೈ ಮುರಿದೇನು! ಅದನ್ನ ಹಿಡ್ಕೊಂಡು ಅಲ್ಲೇ ಇರು. ಕಲ್ಲಾಗಿ ಕೂತಿರು!"

ಶೇಕಡಾ ಐದರಲ್ಲಿ ಹಿಂದೆ ಹೋಗಿ ಮತ್ತೆ ಮುಂದೆ ಬರುವುದು ಆಗದ ಮಾತು. ಮೂರು ಕಿಲೋಮೀಟರ್ ಮುಂದೆ ಚಾರ್ಜು ಮಾಡುವ ಜಾಗವಿತ್ತು. ಎರಡು ಯಂತ್ರಗಳಲ್ಲಿ ಒಂದಕ್ಕೆ 'ಕೆಟ್ಟಿದೆ' ಎಂಬ ಚೀಟಿ, ಇನ್ನೊಂದಕ್ಕೆ ಯಾರದೋ ಕಾರು. ಅದರ ಯಜಮಾನ ಒಳಗೆ ಗೊರಕೆ ಹೊಡೆಯುತ್ತಿದ್ದ. ಅವಳು ಗಾಜು ಬಡಿದ ರೀತಿಗೆ ಅವನು ನಿದ್ದೆಗಣ್ಣಲ್ಲೇ ಲೈಸೆನ್ಸು ತೆಗೆದು ತೋರಿಸಿದ. ಆದರೂ ಅವನ ಚಾರ್ಜು ಮುಗಿಯಲು ಮೂವತ್ತೈದು ನಿಮಿಷ ಹೋಯಿತು. ಮೇಷ್ಟ್ರು ಕೇಬಲ್ಲು ಕೈಯಲ್ಲಿ ಹಿಡಿದು ನಿಂತಿದ್ದರು, ಚುಚ್ಚಲು ಮನಸ್ಸಿಲ್ಲದೆ.

"ಎಂಟು ತಿಂಗಳ ಶ್ರಮ ಕಣೇ. ಈಗ ಚುಚ್ಚಿದ್ರೆ ಪರೀಕ್ಷೆ ಹಾಳು. ನೀನೇ ಅಲ್ವಾ ಅಳತೆ ಅಂದ್ರೆ ನಿಷ್ಠೆ ಅನ್ನೋಳು?"

ಅವಳು ಕೇಬಲ್ಲು ಕಿತ್ತುಕೊಂಡು ತಾನೇ ಚುಚ್ಚಿದಳು. "ಎರಡು ಗಾಡಿ ಅಳೆದ್ರಿ, ಮೊಣಕಾಲು ಅಳೆದ್ರಿ, ನನ್ನನ್ನೂ ಅಳೆದ್ರಿ. ಹೊತ್ತಿಗೆ ಸರಿಯಾಗಿ ಮನುಷ್ಯರನ್ನ ಊರು ಮುಟ್ಟಿಸುತ್ತಾ ಇಲ್ವಾ ಅಂತ ಒಂದು ದಿನ ಅಳೆದ್ರಾ? ಆ ಕೀ ಇಲ್ಲಿ ಕೊಡಿ."

"ಪೂರ್ತಿ ವೇಗದಲ್ಲಿ ಓಡಿಸಿದ್ರೆ ಟೈರು..."

"ಕೊಡಿ ಅಂದೆ."

ಇಪ್ಪತ್ತೈದು ನಿಮಿಷ ಚಾರ್ಜು ಮಾಡಿ, ಎ.ಸಿ. ಹಾಕಿ, ಕಿಟಕಿ ತೆರೆದು, ನೂರಹತ್ತರಲ್ಲಿ ವಾಪಸು ಹೊಡೆದಳು. ಮೇಷ್ಟ್ರು ಮೇಲಿನ ಹಿಡಿಕೆ ಹಿಡಿದು ಕಣ್ಣು ಮುಚ್ಚಿಕೊಂಡರು. ಏರಿನ ನಡುವೆ ನೀಲಿ ಕಾರು ಓರೆಯಾಗಿ ನಿಂತಿತ್ತು. ಪಕ್ಕದ ಕಲ್ಲುಮಣ್ಣಿನಲ್ಲಿ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಕನ್ನಡಕ, ಕನ್ನಡಕನ ಕೈಯಲ್ಲಿ ಅರ್ಧ ತಿಂದ ಬಾಳೆಹಣ್ಣು.

"ಏಳು" ಎಂದಳು.

ಅವನು ಎದ್ದ. ಸಿಪ್ಪೆ ಎಲ್ಲಿ ಎಸೆಯುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡ. ಅವಳು ಮಂಡಿಯೂರಿ ಮುದ್ರೆ ನೋಡಿದಳು. ಸೀಸ ಇತ್ತು, ತಂತಿ ಇತ್ತು, ಗುರುತೂ ಇತ್ತು. ಗಡಿಯಾರ ನೋಡಿದಳು. ಹತ್ತು ಐವತ್ತು.

ಕನ್ನಡಕನನ್ನೂ ಹತ್ತಿಸಿಕೊಂಡು, ಊರೊಳಗಿನ ಟ್ರಾಫಿಕ್ಕು ದಾಟಿ ಕೋರ್ಟು ಮುಟ್ಟಿದಾಗ ಹನ್ನೊಂದು ಇಪ್ಪತ್ತೈದು. ಕೇಸು ಒಮ್ಮೆ ಕೂಗಿ ಆಗಿತ್ತು. ಗುಮಾಸ್ತನ ಕೈಕಾಲು ಹಿಡಿದು ಪಟ್ಟಿಯ ಕೊನೆಗೆ ಹಾಕಿಸಿದಳು. ಹನ್ನೆರಡೂವರೆಗೆ ಕಟಕಟೆ ಹತ್ತಿದಳು. ಹಿಂದಿನ ಬೆಂಚಿನಲ್ಲಿ ಷಡ್ಡಕರಿಬ್ಬರೂ ಒತ್ತಿಕೊಂಡು ಕೂತಿದ್ದರು. ಯಂತ್ರ, ಅಳತೆ, ನೂರನಲವತ್ತು ಮಿಲಿಲೀಟರು, ಎಲ್ಲವನ್ನೂ ಅವಳು ಕಡ್ಡಿ ಮುರಿದ ಹಾಗೆ ಹೇಳಿದಳು. ಬಂಕಿನವನ ವಕೀಲರು ಬೆನ್ನು ನೆಟ್ಟಗೆ ಮಾಡಿ ಎದ್ದರು.

"ಮೇಡಂ, ಈ ಪೆಟ್ಟಿಗೆ ನಿಮ್ಮ ಕಚೇರಿ ಬೀರು ಬಿಟ್ಟಾಗಿಂದ ಈ ಮೇಜು ಮುಟ್ಟೋ ತನಕ ನಿಮ್ಮ ಸುಪರ್ದಿನಲ್ಲೇ ಇತ್ತು, ಅಲ್ವಾ?"

ಅದು ವಕೀಲರು ಎಲ್ಲರಿಗೂ ಕೇಳುವ ಸವಕಲು ಪ್ರಶ್ನೆ. ಹೌದು ಎನ್ನುತ್ತಾರೆ, ಮುಂದೆ ಹೋಗುತ್ತಾರೆ. ವಕೀಲರು ಆಗಲೇ ಮುಂದಿನ ಹಾಳೆ ತಿರುವುತ್ತಿದ್ದರು. ಬೆಂಚಿನಿಂದ ಮೇಷ್ಟ್ರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು. ಹೌದು ಅನ್ನು, ಹೌದು ಅನ್ನು.

"ಇಲ್ಲ" ಎಂದಳು.

ಹಾಳೆ ನಿಂತಿತು.

"ಬೆಳಗ್ಗೆ ಏಳೂವರೆಯಿಂದ ಹತ್ತು ಐವತ್ತರ ತನಕ ಇನ್ನೊಬ್ಬರ ಕಾರಿನಲ್ಲಿತ್ತು. ಮೂರು ಗಂಟೆ ಇಪ್ಪತ್ತು ನಿಮಿಷ. ನನಗೆ ಗೊತ್ತಿಲ್ಲದೆ."

"ಯಾಕೆ?" ಎಂದು ನ್ಯಾಯಾಧೀಶರೇ ಕೇಳಿದರು.

"ಎರಡು ಕಾರಿನ ಭಾರ ಸಮ ಮಾಡೋದಕ್ಕೆ, ಸ್ವಾಮಿ."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಅವಳು ಇಪ್ಪತ್ತೆರಡು ವರ್ಷ ಬೇರೆಯವರನ್ನು ಈ ಜಾಗದಲ್ಲಿ ನಿಲ್ಲಿಸಿದ್ದಳು. ಅಳತೆಯನ್ನು ಇಲಾಖೆ ವಾಪಸು ಒಯ್ದು ಮರುಪರಿಶೀಲನೆಗೆ ಕಳಿಸಬೇಕು, ವರದಿಗೆ ನಾಲ್ಕು ತಿಂಗಳು ಸಮಯ, ಅಲ್ಲಿಯವರೆಗೆ ಯಂತ್ರದ ಮುದ್ರೆ ತೆಗೆಯತಕ್ಕದ್ದು ಎಂದು ಆದೇಶವಾಯಿತು. ಎರಡು ವರ್ಷದ ಕೆಲಸ ಎರಡು ನಿಮಿಷದಲ್ಲಿ ಬರೆಸಿ ಮುಗಿಯಿತು.

ಹೊರಗೆ ಮೆಟ್ಟಿಲಲ್ಲಿ ಬಂಕಿನವನು ಕೈಮುಗಿದ. ಹಲ್ಲೆಲ್ಲ ಕಾಣುತ್ತಿತ್ತು.

"ಬನ್ನಿ ಮೇಡಂ, ಮನೆ ತನಕ ಬಿಡ್ತೀನಿ. ನಮ್ಮದು ಪೆಟ್ರೋಲ್ ಗಾಡಿ, ದಾರೀಲಿ ನಿಲ್ಲಲ್ಲ."

"ನಿಮ್ಮ ಬಂಕಲ್ಲಿ ಹಾಕಿಸಿದ್ರೆ ಅದೂ ನಿಲ್ಲುತ್ತೆ" ಎಂದಳು. ಅವನ ಡ್ರೈವರು ನಕ್ಕು, ಯಜಮಾನನ ಮುಖ ನೋಡಿ ಕೆಮ್ಮಿದ.

ಮರದ ನೆರಳಲ್ಲಿ ಮೇಷ್ಟ್ರು ಕಾದಿದ್ದರು. "ಹೌದು ಅಂದಿದ್ರೆ ಮುಗೀತಿತ್ತಲ್ಲೇ! ಮುದ್ರೆ ಮುರಿದಿರಲಿಲ್ಲ. ಒಳಗಿನ ಅಳತೆ ಎಲ್ಲಾದ್ರೂ ಕುಗ್ಗುತ್ತಾ? ಬರೀ ಒಂದು ಮಾತು. ಯಾರಿಗೆ ಗೊತ್ತಾಗ್ತಿತ್ತು?"

"ಅವನೂ ಇದನ್ನೇ ಅಂದಿದ್ದ."

"ಯಾರು?"

"ಬಂಕಿನವನು. ಯಂತ್ರ ಮುಚ್ಚಿಸಿದ ದಿನ. ನೂರನಲವತ್ತು ಮಿಲಿಲೀಟರು ತಾನೇ ಮೇಡಂ, ಯಾರಿಗೆ ಗೊತ್ತಾಗುತ್ತೆ ಅಂದ."

ಕನ್ನಡಕ ದೂರದಲ್ಲಿ ಗಾಡಿ ಎಳೆಯುವವರ ಜೊತೆ ಫೋನಿನಲ್ಲಿ ಬೇಡಿಕೊಳ್ಳುತ್ತಿದ್ದ. "ಸಾರ್, ಹಿಡಿ ಹೊರಗೆ ಬರಲ್ಲ ಸಾರ್, ಬಾಗಿಲು ಹೇಗೆ ತೆಗೀತೀರೋ ನಿಮಗೆ ಬಿಟ್ಟಿದ್ದು."

ಗುಮಾಸ್ತ ಓಡಿಬಂದ. ಪೆಟ್ಟಿಗೆ ಯಾರ ಯಾರ ಕೈಯಲ್ಲಿತ್ತೋ ಅವರೆಲ್ಲ ಮುಂದಿನ ತಾರೀಖಿಗೆ ಸಾಕ್ಷಿ ಹೇಳಬೇಕಂತೆ; ಹೆಸರು, ವಿಳಾಸ, ಸಹಿ. ಮೇಷ್ಟ್ರು ಪೆನ್ನು ಹಿಡಿದು ಕೇಳಿದರು, "ಪ್ರಮಾಣ ಮಾಡಿ ಹೇಳಬೇಕಾ?"

"ಪ್ರಮಾಣ ಮಾಡಿ. ಎಷ್ಟು ಕಿಲೋ, ಯಾಕೆ, ಯಾರ ಲೆಕ್ಕ, ಎಲ್ಲಾ" ಎಂದಳು ಅವಳು. "ನಿಮ್ಮ ಶಾಲೆಯವರೂ ಕೇಳೋಕೆ ಬರಬಹುದು."

ಮೇಷ್ಟ್ರು ಸಹಿ ಹಾಕಿದರು. ಅಕ್ಷರ ಗೀಟು ಬಿಟ್ಟು ಕೆಳಗಿಳಿಯಿತು. ಆಮೇಲೆ ಮೆಲ್ಲಗೆ, "ನಡಿ, ಶೇಕಡಾ ಇಪ್ಪತ್ತೆಂಟಿದೆ. ದಾರೀಲಿ ಎರಡು ಕಡೆ ನಿಲ್ಸಿದ್ರೆ..." ಎಂದರು.

ಅವಳು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಗೇಟಿನತ್ತ ನಡೆದಳು. ಬಸ್ಸು ನಿಲ್ಲುವ ಜಾಗ ರಸ್ತೆಯ ಆಚೆ ಇತ್ತು. ಮೇಷ್ಟ್ರು ಹಿಂದೆಯೇ ಓಡುತ್ತ ಬಂದರು.

"ಭಾರ ಇದೆ ಕಣೇ. ನಾನು ಹಿಡ್ಕೋತೀನಿ ಕೊಡು."

"ಮುಟ್ಟಿದ್ರೆ ನೋಡಿ" ಎಂದಳು, ತಿರುಗದೆ. ಬಸ್ಸು ಬಂತು. ಪೆಟ್ಟಿಗೆಯನ್ನು ಮೊದಲ ಮೆಟ್ಟಿಲ ಮೇಲಿಟ್ಟು, ಅದರ ಮೇಲೆ ಒಂದು ಕೈ ಇಟ್ಟುಕೊಂಡೇ ಹತ್ತಿದಳು.