ಆದೆಮ್ಮ ಮುಗಿಸಿದ ಕಥೆಗಳು

ಕಲ್ಲೂರಿನ ಅಂಗನವಾಡಿಯಲ್ಲಿ ಆದೆಮ್ಮ ಹದಿಮೂರು ವರ್ಷದಿಂದ ಸಹಾಯಕಿ. ಮನೆ ಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಮೂಗು ಒರೆಸುವುದು, ಅಡುಗೆ ಮಾಡುವುದು, ಜಗಳ ಬಿಡಿಸುವುದು, ಮಧ್ಯಾಹ್ನ ಮತ್ತೆ ಒಬ್ಬೊಬ್ಬರನ್ನೇ ಮನೆ ಮುಟ್ಟಿಸುವುದು ಅವಳ ಕೆಲಸ. ಅಕ್ಷರ ತಿದ್ದಿಸುವುದು, ಕಥೆ ಹೇಳುವುದು ಟೀಚರ್ ಬಸವಂತಮ್ಮನವರದು. ಆ ಬಸವಂತಮ್ಮನವರು ಆಗಸ್ಟಿನಲ್ಲಿ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಸಹಾಯಕಿಯನ್ನೇ ತೆಗೆದುಕೊಳ್ಳಬಹುದು, ಆದರೆ ಅಷ್ಟರೊಳಗೆ ಪಿಯುಸಿ ಪಾಸಾಗಿರಬೇಕು ಎಂದು ಮಾನ್ವಿಯ ಇಲಾಖೆ ಆಫೀಸಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು.

ಮೂವತ್ತೆಂಟನೆಯ ವಯಸ್ಸಿನಲ್ಲಿ ಆದೆಮ್ಮ ಪರೀಕ್ಷೆ ಕಟ್ಟಿದಳು. ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಎಲ್ಲವನ್ನೂ ಒಂದೇ ಏಟಿಗೆ ದಾಟಿದಳು. ಇಂಗ್ಲಿಷ್ ಒಂದು ಕೈಕೊಟ್ಟಿತು. ಈಗಿನ ಕಾಲದಲ್ಲಿ ವರ್ಷಕ್ಕೆ ಮೂರು ಸಲ ಪರೀಕ್ಷೆ. ಮೊದಲನೆಯದು ಹೋಯಿತು. ಉಳಿದದ್ದು ಏಪ್ರಿಲ್ ಕೊನೆಯದೊಂದು, ಜೂನಿನದೊಂದು.

ಇದು ಮಗಳು ರಾಧಾಗೆ ಮರ್ಯಾದೆಯ ಪ್ರಶ್ನೆಯಾಯಿತು. ರಾಯಚೂರಿನ ಹಾಸ್ಟೆಲಿನಲ್ಲಿದ್ದು ಬಿಎಸ್ಸಿ ಓದುತ್ತಿದ್ದ ರಾಧಾಗೆ ಹಿಂದಿನ ವರ್ಷ ಪಿಯುಸಿ ಇಂಗ್ಲಿಷಿನಲ್ಲಿ ಎಂಬತ್ತಾರು ಬಂದಿತ್ತು. ಎಂಬತ್ತಾರು ತಗೊಂಡವಳ ತಾಯಿ ಫೇಲಾಗುವುದೆಂದರೇನು? ಫಲಿತಾಂಶದ ಮರುದಿನವೇ ಅವಳು ಬಸ್ಸು ಹತ್ತಿ ಬಂದು ತಾಯಿಯ ಉತ್ತರಗಳನ್ನೆಲ್ಲ ಬಾಯಿಂದ ಹೇಳಿಸಿ ಕೇಳಿದಳು. ರೋಗ ಎಲ್ಲಿದೆ ಎಂದು ಅವಳಿಗೆ ತಕ್ಷಣ ಸಿಕ್ಕಿತು. ಪಾಠದ ಪ್ರಶ್ನೆಗಳನ್ನು ಆದೆಮ್ಮ ಉರು ಹೊಡೆದಿದ್ದಳು. ನೋಡದ ಗದ್ಯವೊಂದನ್ನು ಕೊಟ್ಟು ಅದರ ಕೆಳಗೆ ಹತ್ತು ಪ್ರಶ್ನೆ ಕೇಳುತ್ತಾರಲ್ಲ, ಅಲ್ಲಿ ಕೈಕಾಲು ಬಿಟ್ಟಿದ್ದಳು.

"ಯವ್ವಾ, ದಿನಕ್ಕ ಒಂದು ಗದ್ಯ ಓದು. ಇಪ್ಪತ್ತೆರಡು ದಿನ ಅವ, ಇಪ್ಪತ್ತೆರಡು ಗದ್ಯ. ಆಮ್ಯಾಲ ನೋಡು."

"ಎಲ್ಲಿಂದ ತರ್ಲೆವ್ವಾ ಇಪ್ಪತ್ತೆರಡು?"

"ಅದು ನನಗ ಬಿಡು."

ಫೋನಿನಲ್ಲಿ ಹುಡುಕಿದರೆ ಪುಕ್ಕಟೆ ಸಿಕ್ಕಿದ್ದು ಒಂದೇ ಒಂದು ದೊಡ್ಡ ಕಟ್ಟು. ಗದ್ಯಗಳು ಸಣ್ಣವು, ಚೆಂದದವು, ಕೆಳಗೆ ಎ ಬಿ ಸಿ ಡಿ ಉತ್ತರಗಳು, ಕೊನೆಗೆ ಸರಿ ಉತ್ತರಗಳ ಕೀಲಿ. ಆದರೆ ಪ್ರತಿ ಹಾಳೆಯ ನೆತ್ತಿಯ ಮೇಲೂ ಚೀನಾ ಲಿಪಿಯ ಒಂದು ಸಾಲು. ಅದು ಅಲ್ಲಿಯ ಹುಡುಗರು ಕಾಲೇಜು ಸೇರುವುದಕ್ಕೆ ಬರೆಯುವ ಪರೀಕ್ಷೆಗೆ ತಯಾರಿಯ ಕಟ್ಟು. ಇರಲಿ, ಇಂಗ್ಲಿಷ್ ಯಾವ ಊರಿನದಾದರೇನು ಎಂದುಕೊಂಡಳು ರಾಧಾ. ತೊಂದರೆ ಇದ್ದದ್ದು ತಾಯಿಯದು. ಬೋರ್ಡಿನದಲ್ಲದ ಯಾವುದನ್ನೂ ಆದೆಮ್ಮ ನಂಬುತ್ತಿರಲಿಲ್ಲ. ಬಸವಂತಮ್ಮನವರು ಪ್ರೀತಿಯಿಂದ ಕೊಟ್ಟ ಗೈಡನ್ನೇ "ಇದು ಬೋರ್ಡಿಂದಲ್ಲ" ಎಂದು ಮೂಲೆಗೆ ಸರಿಸಿದ ಮಹಾತಾಯಿ ಅವಳು.

ಹಾಗಾಗಿ ಮಾನ್ವಿಯ ಬಸ್ ನಿಲ್ದಾಣದ ಎದುರಿನ ಅಮೀರ್ ಸಾಬರ ಜೆರಾಕ್ಸ್ ಅಂಗಡಿಯಲ್ಲಿ ಒಂದು ಸಣ್ಣ ಕಾರಸ್ಥಾನ ನಡೆಯಿತು. ಅಮೀರ್ ಸಾಬರು ಪ್ರತಿ ಹಾಳೆಯ ನೆತ್ತಿಗೂ ಬಿಳಿ ಕಾಗದದ ಪಟ್ಟಿ ಇಟ್ಟು ನಕಲು ತೆಗೆದುಕೊಟ್ಟರು. ಚೀನಾ ಅಳಿಸಿಹೋಯಿತು. ರಾಧಾ ಕಟ್ಟನ್ನು ತಾಯಿಯ ಕೈಗಿಟ್ಟು, "ಬೋರ್ಡಿನ ಮಾದರಿ ಪತ್ರಿಕೆ" ಎಂದಳು. ಆದೆಮ್ಮ ಅದನ್ನು ಕಣ್ಣಿಗೊತ್ತಿಕೊಂಡಳು.

ಓದು ಶುರುವಾಯಿತು. ಭಾನುವಾರ ರಾಧಾ ಊರಿಗೆ ಬರುವಳು, ಉಳಿದ ದಿನ ಸಂಜೆ ಫೋನಿನಲ್ಲಿ ಪಾಠ. ಅವಳದು ಒಂದೇ ಮಂತ್ರ: ಮೊದಲು ಪ್ರಶ್ನೆ ಓದು, ಪ್ರಶ್ನೆಯ ಪದ ಗದ್ಯದಲ್ಲಿ ಎಲ್ಲಿದೆ ಹುಡುಕು, ಆ ಸಾಲು ಎತ್ತು, ಮುಂದಕ್ಕೆ ಹೋಗು. ಆದೆಮ್ಮನಿಗೆ ಅದು ಒಗ್ಗಲಿಲ್ಲ. ಅವಳಿಗೆ ಗದ್ಯದೊಳಗಿನ ಮಂದಿಯ ಚಿಂತೆ.

"ಈ ಮಾಸ್ತರ ಸೈಕಲ್ಲು ಹಿಮದಾಗ ಸಿಕ್ಕೊಂಡದ, ಶಾಲ್ಯಾಗ ಮಕ್ಕಳು ಕಾಯಾಕತ್ತಾರ. ಪಾಪ ಅಲ್ಲೇನು?"

"ಪಾಪ ಇರ್ಲಿ ಬೇ, ಮೂರನೇ ಪ್ರಶ್ನೆಗೆ ಎ ನೋ ಬಿ ನೋ ಹೇಳು."

"ಮತ್ತ ಇವ್ರು ಅನ್ನ ಕಡ್ಡೀಲೆ ಉಣ್ತಾರಲ್ಲ. ನಮ್ಮ ಬೋರ್ಡಿನವ್ರು ಎಲ್ಲಿಂದ ಹುಡುಕ್ತಾರೋ ಇಂಥಾ ಮಂದೀನ!"

ಗಂಡ ದುರುಗೇಶ ರೈಸ್ ಮಿಲ್ಲಿನಿಂದ ಮೈತುಂಬ ತೌಡು ಮೆತ್ತಿಕೊಂಡು ಬಂದವನು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ಕೇಳುತ್ತಿದ್ದ. "ಮಾಸ್ತರ ಮುಟ್ಟಿದ್ನೇನು ಶಾಲಿಗೆ?" ಎಂದು ಅವನೂ ಕೇಳುವನು. ರಾಧಾಗೆ ತಲೆ ಕೆಡುತ್ತಿತ್ತು.

ಮುಟ್ಟಿದನೋ ಇಲ್ಲವೋ ಗದ್ಯದಲ್ಲಿ ಇರುತ್ತಿರಲಿಲ್ಲ. ಆ ಚೀನಾ ಹಾಳೆಗಳ ಪದ್ಧತಿಯೇ ಹಾಗೆ. ಹಾಳೆಯ ಕೊನೆಯಲ್ಲಿ ಒಂದು ಕಥೆ ಅರ್ಧಕ್ಕೆ ನಿಲ್ಲುತ್ತದೆ. ಮುಂದೇನಾಯಿತು ಎಂದು ಪರೀಕ್ಷೆ ಬರೆಯುವವರೇ ಬರೆದು ಮುಗಿಸಬೇಕು. ಅದಕ್ಕೂ ಅಂಕ. ಮೊದಲ ವಾರವೇ ಆದೆಮ್ಮ ಕೇಳಿದ್ದಳು, "ಕಡಿಗೆ ಕತಿ ಮುಗಿಸು ಅಂತ ಕೇಳ್ಯಾರಲ್ಲ, ಅದನ್ನೂ ಬರೀಬೇಕೇನು?" ರಾಧಾ ಆಗ ಹಾಸ್ಟೆಲಿನ ಊಟದ ಸಾಲಿನಲ್ಲಿದ್ದಳು. "ಬರಿ, ಬರಿ, ರೂಢಿ ಆಗ್ತದ" ಎಂದು ಫೋನಿಟ್ಟಳು. ನಮ್ಮ ಪರೀಕ್ಷೆಯಲ್ಲಿ ಆ ಪ್ರಶ್ನೆ ಬರುವುದಿಲ್ಲ ಎಂದು ಹೇಳಲು ಒಂದು ಮಾತು ಸಾಕಿತ್ತು. ಹೇಳಲಿಲ್ಲ. ಆದೆಮ್ಮ ದಿನವೂ ಅಂಗನವಾಡಿಯಲ್ಲಿ ಮಕ್ಕಳು ಮಲಗಿದ ಹೊತ್ತಿನಲ್ಲಿ ಹಾಳೆಯ ಹಿಂಬದಿಗೆ ಬರೆದಳು. ರಾಧಾ ಭಾನುವಾರ ಬಂದು ಎ ಬಿ ಸಿ ಡಿಗಳನ್ನು ಕೀಲಿಗೆ ಹೋಲಿಸಿ ಟಿಕ್ ಹಾಕಿದಳು. ಹಿಂಬದಿ ತಿರುಗಿಸಲಿಲ್ಲ.

ಅಂಕಗಳೇನೋ ಏರಿದವು. ಹತ್ತಕ್ಕೆ ಮೂರು ಬರುತ್ತಿದ್ದವಳಿಗೆ ಎಂಟು ಬರತೊಡಗಿತು. ರಾಧಾ ತನ್ನ ಮಂತ್ರ ಫಲಿಸಿತೆಂದು ಹಿಗ್ಗಿದಳು.

ಪರೀಕ್ಷೆಯ ದಿನ ಮಾನ್ವಿಯ ಕಾಲೇಜಿನ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಅವಳು ಮೂರು ತಾಸು ಕಾದಳು. ಆದೆಮ್ಮ ಎಲ್ಲರಿಗಿಂತ ಕೊನೆಗೆ ಹೊರಬಂದಳು. ಮುಖ ಅರಳಿತ್ತು.

"ಗದ್ಯ ಹೆಂಗಿತ್ತು ಯವ್ವಾ?"

"ಭಾರಿ ಚೊಲೋ ಇತ್ತು. ಒಬ್ಬಾಕಿ ಹುಡುಗಿ ಓದಾಕ ಪ್ಯಾಟಿಗೆ ಹೊಂಟಾಳ. ಅವರವ್ವ ಸ್ಟೇಷನ್ನಿನ್ಯಾಗ ನಿಂತಾಳ. ರೈಲು ಹೊಂಟುಬಿಡ್ತದ. ಅಲ್ಲಿಗೇ ಬಿಟ್ಟಾರ. ಹತ್ತೂ ಪ್ರಶ್ನೆ ಬರ್ದೆ. ಆಮ್ಯಾಲ ಕತಿ ಮುಗಿಸ್ದೆ, ಎರಡು ಪುಟ!"

ರಾಧಾ ತಾಯಿಯ ಕೈಯಲ್ಲಿದ್ದ ಪ್ರಶ್ನೆಪತ್ರಿಕೆಗೆ ಕೈಹಾಕಿದಳು. "ಕತಿ ಮುಗಿಸು ಅಂತ ಕೇಳಿದ್ರೇನು?"

"ಕೇಳಿರ್ಲಿಲ್ಲ, ಅಚ್ಚು ಹಾಕೋವಾಗ ಬಿಟ್ಟಿರ್ಬೇಕು. ಮಾದರಿ ಪತ್ರಿಕ್ಯಾಗ ಎಲ್ಲಾದ್ರಾಗೂ ಇತ್ತಲ್ಲ? ನಾನು ಬಿಡ್ತೀನೇನು? ಅರ್ಜಿ ಬರಿಯೋದು ಒಂದು, ಮತ್ತ ಸಣ್ಣಸಣ್ಣವು ನಾಕು ಉಳದ್ವು. ಬೆಲ್ ಹೊಡದುಬಿಟ್ರು. ಅವು ಹೋದ್ರ ಹೋಗ್ಲಿ, ಎರಡು ಪುಟ ತುಂಬೀನಲ್ಲ."

ಅರ್ಜಿಗೆ ಅಂಕವಿತ್ತು. ಸಣ್ಣ ಪ್ರಶ್ನೆಗಳಿಗೂ ಇತ್ತು. ಯಾರೂ ಕೇಳದ ಆ ಎರಡು ಪುಟಕ್ಕೆ ಸೊನ್ನೆ. ರಾಧಾಗೆ ಎಲ್ಲ ಗೊತ್ತಾಯಿತು, ಆ ಗೇಟಿನ ಎದುರಿಗೇ. ತಾಯಿ ಬೆವರು ಒರೆಸಿಕೊಳ್ಳುತ್ತ ನಗುತ್ತಿದ್ದಳು. "ಚೊಲೋ ಆತು ಬಿಡು ಯವ್ವಾ" ಎಂದಳು ರಾಧಾ. ಅದು ಹೇಡಿತನ, ಅದಕ್ಕೆ ಬೇರೆ ಹೆಸರಿಲ್ಲ.

ಮುಂದಿನ ಮೂರು ವಾರ ಆದೆಮ್ಮ ಊರ ತುಂಬ ಸಂಭ್ರಮದಿಂದ ಓಡಾಡಿದಳು. ದೇವದುರ್ಗದ ತವರಿಗೂ ಫೋನು ಹೋಯಿತು. ಬಸವಂತಮ್ಮನವರು ಮಕ್ಕಳ ಪಟ್ಟಿ ಬರೆಯುವುದನ್ನು, ರಿಜಿಸ್ಟರ್ ತುಂಬುವುದನ್ನು ಅವಳಿಗೆ ಈಗಲೇ ಕಲಿಸಲು ತೊಡಗಿದರು. ರಾಧಾ ರಾಯಚೂರಿನಿಂದ ಎರಡು ಭಾನುವಾರ ಬರಲೇ ಇಲ್ಲ. ಲ್ಯಾಬ್ ಇದೆ ಎಂದಳು, ಜ್ವರ ಎಂದಳು.

ಫಲಿತಾಂಶ ಬಂತು. ಐದು ಅಂಕ ಕಡಿಮೆಯಾಗಿ ಫೇಲು.

ರಾಧಾ ಅವತ್ತೇ ಊರಿಗೆ ಬಂದಾಗ ಆದೆಮ್ಮ ಅಳುತ್ತಿರಲಿಲ್ಲ. ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಅವಳು ಕಾಗದದ ಕಟ್ಟನ್ನು ದಾರದಿಂದ ಬಿಗಿದು ರದ್ದಿಯ ಚೀಲದ ಪಕ್ಕಕ್ಕೆ ಇಟ್ಟಿದ್ದಳು.

"ಜೂನಿನ್ಯಾಗ ಇನ್ನೊಂದು ಪರೀಕ್ಷಾ ಅದ ಯವ್ವಾ. ನಾಳಿಗೇ ಫಾರ್ಮ್ ತುಂಬಾಕ ಕಡೀ ದಿನ."

"ಬ್ಯಾಡ. ನನ್ನ ತಲಿಗೆ ಹತ್ತಂಗಿಲ್ಲದು. ಎರಡು ಪುಟ ಬರ್ದೆ, ಒಂದು ಸಾಲೂ ಸರಿ ಇರ್ಲಿಲ್ಲ ಅಂದ್ರ ಏನರ್ಥ? ತಲಿನೇ ಸರಿ ಇಲ್ಲ. ಮೂಗು ಒರಸೋದು ಬರ್ತದ, ಅದನ್ನೇ ಮಾಡ್ತೀನಿ."

ಹಾಗೆಂದು ಅವಳು ನೀರಿಗೆ ಹೋದಳು. ರಾಧಾ ಒಬ್ಬಳೇ ಕೂತಳು. ಏನು ಮಾಡಬೇಕೋ ತಿಳಿಯದೆ ಕಟ್ಟಿನ ದಾರ ಬಿಚ್ಚಿ ಮೊದಲ ಸಲ ಹಾಳೆಗಳನ್ನು ತಿರುಗಿಸಿ ನೋಡಿದಳು.

ಇಪ್ಪತ್ತೆರಡು ಹಿಂಬದಿಗಳೂ ತುಂಬಿದ್ದವು. ಇಂಗ್ಲಿಷ್ ಕುಂಟುತ್ತಿತ್ತು, ನಿಜ. ಆದರೆ ಒಂದು ಕಥೆಯನ್ನೂ ಆದೆಮ್ಮ ತಪ್ಪಾಗಿ ತಿಳಿದಿರಲಿಲ್ಲ. ಗದ್ಯದ ಮೊದಲ ಸಾಲಿನಲ್ಲಿ ಬಂದುಹೋದ ಮುದುಕ, ನಡುವೆ ಒಂದೇ ಸಲ ಕಾಣಿಸಿದ ನಾಯಿ, ಯಾರೂ ಕೇಳದಿದ್ದ ಸಣ್ಣ ತಂಗಿ, ಒಬ್ಬರನ್ನೂ ಬಿಡದೆ ಎಲ್ಲರನ್ನೂ ಮನೆ ಮುಟ್ಟಿಸಿದ್ದಳು, ಅಂಗನವಾಡಿಯ ಮಕ್ಕಳನ್ನು ಮುಟ್ಟಿಸುವಂತೆ. ಸೈಕಲ್ ಸಿಕ್ಕಿಕೊಂಡ ಮಾಸ್ತರನ ಕಥೆಯನ್ನು ಹೀಗೆ ಮುಗಿಸಿದ್ದಳು: ಮಾಸ್ತರ ಬಹಳ ತಡವಾಗಿ ಬಂದ. ಅಷ್ಟೊತ್ತಿಗೆ ದೊಡ್ಡ ಹುಡುಗಿಯೊಬ್ಬಳು ಸಣ್ಣವರಿಗೆ ಪಾಠ ಹೇಳುತ್ತಿದ್ದಳು. ಮಾಸ್ತರ ಒಳಗೆ ಬರಲಿಲ್ಲ. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ.

ಎಂಬತ್ತಾರು ಅಂಕದ ರಾಧಾಗೆ ನಾಚಿಕೆಯಾಯಿತು. ಸಾಲು ಹುಡುಕಿ ಎತ್ತುವುದನ್ನು ಅವಳು ಕಲಿಸಿದ್ದಳು. ಓದುವುದನ್ನು ತಾಯಿ ತಾನಾಗಿಯೇ ಕಲಿತಿದ್ದಳು. ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಆದೆಮ್ಮ ಕೊಡ ಇಳಿಸುವಾಗ ರಾಧಾ ಎಲ್ಲವನ್ನೂ ಹೇಳಿಬಿಟ್ಟಳು. ಬೋರ್ಡಿನ ಪತ್ರಿಕೆಯಲ್ಲ, ಚೀನಾದ್ದು. ನೆತ್ತಿಯ ಮೇಲೆ ಬಿಳಿ ಪಟ್ಟಿ ಇಡಿಸಿದ್ದು. ಕಥೆ ಮುಗಿಸುವ ಪ್ರಶ್ನೆ ಅಲ್ಲಿಯ ಹುಡುಗರಿಗೆ ಮಾತ್ರ, ನಮ್ಮಲ್ಲಿ ಇಲ್ಲವೇ ಇಲ್ಲ. ಆ ಎರಡು ಪುಟಕ್ಕೆ ಹೋದ ಹೊತ್ತಿನಲ್ಲಿ ಅರ್ಜಿ ಬರೆದಿದ್ದರೆ ಪಾಸು.

ಆದೆಮ್ಮ ಒಂದು ಹಾಳೆ ಎತ್ತಿ ತಿರುಗಿಸಿದಳು. "ಚೀನಾದಾಗ ಕಾಲೇಜಿಗೆ ಹೋಗೋ ಹುಡುಗರು ಬರಿಯೋದಾ ಇದು?" ಎಂದಳು.

"ಹೂಂ."

"ಅದನ್ನ ನಾನು ಬರ್ದೆ."

"ಹೂಂ ಯವ್ವಾ."

ರಾಧಾಗೆ ಇನ್ನೇನು ಪಾರಾದೆ ಎನಿಸಿತು. ಆಗ ಆದೆಮ್ಮ ಕೇಳಿದಳು, "ನಿನಗ ಯಾವಾಗ ಗೊತ್ತಾತು, ನಾನು ಫೇಲು ಅಂತ?"

ಸುಳ್ಳು ಹೇಳಲು ರಾಧಾಳ ಹತ್ತಿರ ಇನ್ನು ತ್ರಾಣವಿರಲಿಲ್ಲ. "ಗೇಟಿನ್ಯಾಗ. ಅವತ್ತೇ."

"ಅವತ್ತೇ!" ಆದೆಮ್ಮನ ಧ್ವನಿ ಒಡೆಯಿತು. "ಚೀನಾದ್ದು ಕೊಟ್ಟಿ, ಸಿಟ್ಟಿಲ್ಲ. ತಪ್ಪು ಮಾಡಿದಿ, ಸಿಟ್ಟಿಲ್ಲ. ಫಲಿತಾಂಶ ಬಂದಾಗಿಂದ ನನ್ನ ತಲಿ ಸರಿ ಇಲ್ಲ, ತಲಿ ಸರಿ ಇಲ್ಲ ಅಂತ ಗ್ವಾಡಿಗೆ ತಲಿ ಚಚ್ಚಿಗೋಳಾಕತ್ತೀನಿ. ಈಗ ನಿನ್ನ ಮುಂದೂ ಅಂದೆ. ನೀನು ಕೇಳಿಸ್ಕೊಂಡು ಸುಮ್ನ ಕುಂತಿ. ನಿನ್ನ ತಲಿ ಸರಿ ಅದ ಅಂತ ಒಂದು ಮಾತು ಅನ್ನಾಕ ಆಗ್ಲಿಲ್ಲೇನು ನಿನಗ?"

ರಾಧಾ ತಾಯಿಯ ಕಾಲು ಹಿಡಿಯಲು ಬಗ್ಗಿದಳು. ಆದೆಮ್ಮ ಕಾಲು ಹಿಂದಕ್ಕೆಳೆದುಕೊಂಡು ಒಳಗೆ ಹೋದಳು. ಆ ಸಂಜೆ ದುರುಗೇಶ ಒಬ್ಬನೇ ತಾಯಿ ಮಗಳ ನಡುವೆ ಅತ್ತಿತ್ತ ನೋಡುತ್ತ ರೊಟ್ಟಿ ಮುರಿದ.

ಬೆಳಿಗ್ಗೆ ರಾಧಾ ಏಳುವಷ್ಟರಲ್ಲಿ ಆದೆಮ್ಮ ಸೀರೆ ಉಟ್ಟು, ಹಾಲ್ ಟಿಕೆಟ್ಟು, ಅಂಕಪಟ್ಟಿಗಳ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ನಡಿ" ಎಂದಳು, ಅಷ್ಟೇ. ಬಸ್ಸಿನಲ್ಲಿ ಮಗಳ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು.

ಜೂನಿನಲ್ಲಿ ಆದೆಮ್ಮ ಪಾಸಾದಳು, ಆಗಸ್ಟಿನಲ್ಲಿ ಟೀಚರೂ ಆದಳು. ಅದನ್ನು ಮುಚ್ಚಿಟ್ಟು ಓದುವವರನ್ನು ಕಾಡಿಸುವುದು ಬೇಡ. ಹೇಳಬೇಕಾದದ್ದು ಆ ಬೆಳಗಿನ ಮಾತು. ಮಾನ್ವಿಯ ಕಾಲೇಜಿನ ಕಿಟಕಿಯ ಮುಂದೆ ಉದ್ದ ಸಾಲು, ಬಹುತೇಕ ಹದಿನೆಂಟರ ಹುಡುಗ ಹುಡುಗಿಯರು. ಕಿಟಕಿಯ ಒಳಗೆ ಗುಮಾಸ್ತ ಪಂಪಾಪತಿ. ಆದೆಮ್ಮನ ಕಾಗದಗಳನ್ನು ತಿರುವಿ ಹಾಕಿ ಕನ್ನಡಕದ ಮೇಲಿಂದ ನೋಡಿದ.

"ಮತ್ತ ಬಂದ್ರೇನು ಅಮ್ಮಾರ? ಎಷ್ಟು ಸಲ ಫೇಲಾಗೀರಿ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದೆಮ್ಮ ತಲೆ ತಗ್ಗಿಸಿ, "ಎರಡು ಸಲರಿ" ಎಂದಳು.

ರಾಧಾ ಮುಂದೆ ಬಂದು ಕಿಟಕಿಯ ಸರಳು ಹಿಡಿದಳು. ಇಡೀ ಸಾಲಿಗೆ ಕೇಳುವಂತೆ ಹೇಳಿದಳು, "ಒಂದು ಸಲರೀ ಸರ್. ಎರಡನೇದಕ್ಕ ಫೇಲಾದಾಕಿ ನಾನು."

ಪಂಪಾಪತಿಗೆ ಏನೂ ಅರ್ಥವಾಗಲಿಲ್ಲ. ಅವನು ಅವಳನ್ನೂ ಇವಳನ್ನೂ ನೋಡಿ ಫಾರ್ಮನ್ನು ಹೊರಕ್ಕೆ ತಳ್ಳಿದ. ಆದೆಮ್ಮ ಸಹಿ ಹಾಕಿದಳು. ಹಾಕುವಾಗ ಅವಳ ಎಡಗೈ, ನಿನ್ನೆಯಿಂದ ಮೊದಲ ಸಲ, ಮಗಳ ಕೈಯನ್ನು ಹುಡುಕಿ ಹಿಡಿದುಕೊಂಡಿತು.